ಶುಶ್ರೂಷೆ ಮಾಡುವವರಿಗೂ ಶುಶ್ರೂಷೆ ಬೇಕು

2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್ ರೈಲು ನಿಲ್ದಾಣದಲ್ಲಿ ಗುಂಡೇಟು ತಿಂದವರನ್ನು ಸಮೀಪದ ಸೇಂಟ್ ಜಾರ್ಜ್ ಮತ್ತು ಜೆ.ಜೆ. ಆಸ್ಪತ್ರೆಗಳಿಗೆ ಸಾಗಿಸಲಾಯಿತು. 29ರವರೆಗೆ ಮುಂದುವರಿದ ಆ ದಾಳಿಯಲ್ಲಿ ನಗರದಾದ್ಯಂತ ಮಡಿದವರು 166 ಮಂದಿ. ಮಡಿದವರನ್ನು ನಾಡು ಪ್ರತಿವರ್ಷವೂ ಸ್ಮರಿಸುತ್ತದೆ. ಆದರೆ ಇಂತಹ ರಾತ್ರಿಗಳಲ್ಲಿ ಗಾಯಾಳುಗಳ ರಕ್ತ ಒರೆಸಿ, ಅವರ ಆಕ್ರಂದನಕ್ಕೆ ಕಿವಿಯಾಗುವ ದಾದಿಯರ ಮನಸ್ಸಿನ ಸ್ಥಿತಿಯನ್ನು ವಿಚಾರಿಸುವವರು ವಿರಳ.

ಗುಂಡು ತಗಲದಿದ್ದರೂ, ಗುಂಡು ತಗಲಿದವರನ್ನು ಆರೈಕೆ ಮಾಡಿದವರ ಮನಸ್ಸಿಗೆ ಗಾಯವಾಗಬಹುದು. ಇದನ್ನು ದ್ವಿತೀಯಕ ಆಘಾತದ ಒತ್ತಡ ಎನ್ನುತ್ತಾರೆ. ಮನಃಶಾಸ್ತ್ರಜ್ಞ ಚಾರ್ಲ್ಸ್ ಫಿಗ್ಲಿಯವರು 1995ರ ತಮ್ಮ ಗ್ರಂಥದಲ್ಲಿ ಇದನ್ನು ವಿಶದವಾಗಿ ಚರ್ಚಿಸಿದ್ದಾರೆ. ಇದರ ಲಕ್ಷಣಗಳು ಮೂರು ಬಗೆ: ಕಂಡ ದೃಶ್ಯಗಳು ಎಚ್ಚರದಲ್ಲಿಯೂ ಕನಸಿನಲ್ಲಿಯೂ ಮರುಕಳಿಸುವುದು, ಅವುಗಳನ್ನು ನೆನಪಿಸುವ ಸ್ಥಳ, ಜನ, ಮಾತುಗಳಿಂದ ದೂರ ಸರಿಯುವುದು, ನಿದ್ರಾಭಂಗ, ಸಿಡುಕು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು.

ಇದು ಮನೋದೌರ್ಬಲ್ಯವೇ? ಖಂಡಿತ ಅಲ್ಲ. ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಇವರನ್ನು ಚಿಕಿತ್ಸೆಯ ನಾಲ್ಕು ಪಾದಗಳೆಂದು ಕರೆಯುತ್ತದೆ. ಪರಿಚಾರಕನಿಗೆ ಇರಬೇಕಾದ ನಾಲ್ಕು ಗುಣಗಳಲ್ಲಿ ರೋಗಿಯ ಮೇಲಿನ ಅನುರಾಗವೂ ಒಂದು. ಆ ಅನುರಾಗದ ದಾರಿಯಲ್ಲಿಯೇ ಪರರ ನೋವು ಒಳಪ್ರವೇಶಿಸುತ್ತದೆ. ಒಳ್ಳೆಯ ದಾದಿಯನ್ನಾಗಿಸಿದ ಗುಣವೇ ಆಕೆಯನ್ನು ನೋಯಿಸುತ್ತದೆ. ಆದ್ದರಿಂದ "ಇದು ನಿನ್ನ ಕೆಲಸವಲ್ಲವೇ, ಅಭ್ಯಾಸವಾಗಿರಬೇಕು" ಎಂಬ ಮಾತು ಗಾಯದ ಮೇಲೆ ಬರೆ ಎಳೆದಂತೆ.

ತಡೆಯಬಾರದ ಹದಿಮೂರು ವೇಗಗಳನ್ನು ಚರಕರು ಹೇಳುತ್ತಾರೆ. ಹಸಿವು, ಬಾಯಾರಿಕೆ, ನಿದ್ರೆಗಳೊಡನೆ ಕಣ್ಣೀರೂ ಆ ಪಟ್ಟಿಯಲ್ಲಿದೆ. ಸಾಮೂಹಿಕ ಹಿಂಸೆಯ ಸಂದರ್ಭದಲ್ಲಿ ತುರ್ತು ವಿಭಾಗದ ದಾದಿಯು ಈ ನಾಲ್ಕನ್ನೂ ಗಂಟೆಗಟ್ಟಲೆ ತಡೆದಿರುತ್ತಾಳೆ. ಮನೆಗೆ ಬಂದ ಮೇಲಾದರೂ ಅವುಗಳಿಗೆ ಅವಕಾಶ ದೊರೆಯಬೇಕು.

ನಮ್ಮ ಭಕ್ತಕುಟುಂಬಗಳಲ್ಲಿಯೂ ಆಸ್ಪತ್ರೆಗಳಲ್ಲಿ ದುಡಿಯುವ ಮಗಳು, ಸೊಸೆ, ಮಗ ಇರಬಹುದು. ಅಂಥವರು ಕಠಿಣ ಪಾಳಿ ಮುಗಿಸಿ ಬಂದಾಗ ಬಿಸಿ ಗಂಜಿಯನ್ನೋ ಮೆತ್ತನೆಯ ಅನ್ನವನ್ನೋ ನೀಡಿರಿ, ನಿದ್ರೆಗೆ ಬಿಡಿರಿ. ಅಂದು ಮನೆಗೆಲಸದ ಹೊರೆ ಹೊರಿಸಬೇಡಿರಿ. ಘಟನೆಯ ದೃಶ್ಯಗಳು ಟಿ.ವಿ.ಯಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಆರಿಸಿರಿ. "ಏನೇನು ಕಂಡೆ?" ಎಂದು ಕೆದಕಬೇಡಿರಿ, ತಾವಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿರಿ. ಅತ್ತರೆ ಅಳಲಿ. ಉಗುರುಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ ಮತ್ತು ನಿಯತ ವೇಳೆಯ ಊಟ ದೇಹಕ್ಕೆ ವಿಶ್ರಾಂತಿ ನೀಡುತ್ತವೆ. ಆದರೆ ಎಣ್ಣೆಸ್ನಾನವೊಂದರಿಂದಲೇ ಈ ಗಾಯ ಮಾಯುತ್ತದೆಂದು ಆಯುರ್ವೇದ ವೈದ್ಯರಾದ ನಾವೂ ಹೇಳಲಾರೆವು.

ಲಕ್ಷಣಗಳು ಒಂದು ತಿಂಗಳು ಕಳೆದರೂ ಇಳಿಯದಿದ್ದರೆ, ಮದ್ಯ ಅಥವಾ ನಿದ್ರೆಮಾತ್ರೆಯ ಆಸರೆ ಆರಂಭವಾದರೆ ಮನೋವೈದ್ಯರನ್ನು ಕಾಣಲೇಬೇಕು. ಬದುಕೇ ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಆಸ್ಪತ್ರೆಯ ಹೊಣೆಯೂ ಇದರಲ್ಲಿದೆ. ಇಂತಹ ದಿನದ ಬಳಿಕ ಪಾಳಿ ಬದಲಾವಣೆ, ಬಿಡುವು, ಹಿರಿಯ ದಾದಿಯರ ಸಾಂತ್ವನದ ಮಾತು ದೊರೆಯುವಂತೆ ಆಡಳಿತವು ವ್ಯವಸ್ಥೆ ಮಾಡಬೇಕು. ಪರಿಚಾರಕನೆಂಬ ಪಾದ ಕುಸಿದರೆ ವೈದ್ಯನೂ ಔಷಧವೂ ಇದ್ದು ರೋಗಿಗೆ ಫಲವಿಲ್ಲ.