ಫೋನು ಕೈಕೊಡುವ ಮುನ್ನ

ಪ್ರಶ್ನೆ: ಗದ್ದೆಗೆ ನೀರು ಹಾಯಿಸುವಾಗ ಫೋನು ನಾಲೆಗೆ ಬಿತ್ತು. ಮಂಡ್ಯದಲ್ಲಿ ರಿಪೇರಿ ಮಾಡಿಸಿದೆ. ಮದ್ದೂರಿಗೆ ಕೊಟ್ಟ ಮಗಳ ಮದುವೆ ಫೋಟೊ, ಪಹಣಿ ಎಲ್ಲ ಅದರಲ್ಲೇ ಇವೆ. ಜೋಪಾನ ಮಾಡುವುದು ಹೇಗೆ?
– ಓದುಗರು, ಮಳವಳ್ಳಿ

ಉತ್ತರ: ನೀರು ಕುಡಿದ ಫೋನನ್ನು ನೆಚ್ಚಬೇಡಿ. ಒಳಗೆ ತುಕ್ಕು ಹಿಡಿದು ವಾರಗಳ ನಂತರವೂ ಕೈಕೊಡಬಹುದು. ಪಹಣಿಯ ಚಿಂತೆ ಬಿಡಿ, ‘ಭೂಮಿ’ ಜಾಲತಾಣದಲ್ಲಿ ಮತ್ತೆ ಸಿಗುತ್ತದೆ. ಮದುವೆ ಫೋಟೊ ಸಿಗುವುದಿಲ್ಲ. ಮೊದಲು ಅದನ್ನು ಉಳಿಸಿ.

ಗೂಗಲ್ ಫೋಟೋಸ್ ತೆರೆದು ಬ್ಯಾಕಪ್ ಆನ್ ಮಾಡಿ. ಉಚಿತವಾಗಿ ಸಿಗುವ ಜಾಗ 15 ಜಿಬಿ. ಜಿಮೇಲ್, ಡ್ರೈವ್, ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಇಷ್ಟರಲ್ಲೇ ಹಿಡಿಯಬೇಕು. ವಿಡಿಯೊಗಳಿದ್ದರೆ ಬೇಗ ತುಂಬುತ್ತದೆ. ಒಂದು ಎಚ್ಚರಿಕೆ: ಜಾಗ ಖಾಲಿ ಮಾಡಲೆಂದು ಗೂಗಲ್ ಫೋಟೋಸ್‌ನಲ್ಲಿ ಫೋಟೊ ಅಳಿಸಿದರೆ ಫೋನು, ಬ್ಯಾಕಪ್ ಎರಡೂ ಕಡೆ ಹೋಗುತ್ತದೆ. ಬ್ಯಾಕಪ್ ಆದದ್ದು ‘ಟ್ರ್ಯಾಶ್’ನಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ.

ಹಾಗಾಗಿ ಇನ್ನೊಂದು ಪ್ರತಿ ಬೇಕು. ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ‘ಡಿಸಿಐಎಂ’ ಫೋಲ್ಡರನ್ನೂ ವಾಟ್ಸ್ಆ್ಯಪ್ ಚಿತ್ರಗಳ ಫೋಲ್ಡರನ್ನೂ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಡಿಸ್ಕನ್ನು ಮಗಳ ಮನೆಯಲ್ಲಿಡಿ. ಹಬ್ಬಕ್ಕೆ ಹೋದಾಗಲೆಲ್ಲ ಹೊಸದನ್ನು ಸೇರಿಸಿ, ನಾಲ್ಕಾರು ಫೋಟೊ ತೆರೆದು ನೋಡಿ. ಗೂಗಲ್ ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ.