ಎರಡು ಮಕ್ಕಳ ತಳ್ಳುಗಾಡಿ

ಕೆಲವು ತಿಂಗಳ ಹಿಂದೆ ಒಂದು ಸಂಜೆ ನಮ್ಮ ಮಕ್ಕಳಿಬ್ಬರನ್ನೂ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ತರಕಾರಿ ತರಲು ಹೋಗಿದ್ದೆವು. ಮುಂದಿನ ಪೀಠದಲ್ಲಿ ಮೂರು ವರ್ಷದ ಮಗಳು, ಹಿಂದಿನದರಲ್ಲಿ ಐದು ತಿಂಗಳ ಮಗ. ಗಾಡಿಯ ಹಿಡಿಗೆ ತೂಗುಹಾಕಿದ್ದ ತುಂಬಿದ ಚೀಲ. ದಾರಿಯುದ್ದಕ್ಕೂ ಗಾಡಿ ಭದ್ರವಾಗಿಯೇ ಇತ್ತು. ಮನೆಯ ಮುಂದೆ ನಿಂತೊಡನೆ ಮಗಳು ಕೆಳಕ್ಕೆ ಧುಮುಕಿದಳು. ಮರುಕ್ಷಣವೇ ಗಾಡಿಯ ಮುಂಭಾಗ ಮೇಲೆದ್ದು, ಗಾಡಿ ಹಿಂದಕ್ಕೆ ಮಗುಚತೊಡಗಿತು. ಹಿಡಿ ನನ್ನ ಕೈಗೆ ಸಿಕ್ಕಿದ್ದರಿಂದ ಮಗುವಿಗೆ ಪೆಟ್ಟಾಗಲಿಲ್ಲ. ಪ್ರತಿವರ್ಷವೂ ತರಗತಿಯಲ್ಲಿ ಗುರುತ್ವಕೇಂದ್ರದ ಪಾಠ ಹೇಳುವ ನಾನು, ಗಾಡಿಯನ್ನು ಕೊಳ್ಳುವಾಗ ನೋಡಿದ್ದು ಅದರ ಬಟ್ಟೆಯ ಬಣ್ಣವನ್ನು ಮಾತ್ರ!

ಮಕ್ಕಳ ಗಾಡಿ ಇಂದು ನಿನ್ನೆಯದಲ್ಲ. ೧೭೩೩ರಲ್ಲಿ ವಿಲಿಯಂ ಕೆಂಟ್ ಎಂಬ ಆಂಗ್ಲ ವಾಸ್ತುಶಿಲ್ಪಿಯು ಡೆವನ್‌ಷೈರ್ ಡ್ಯೂಕನ ಮಕ್ಕಳಿಗಾಗಿ ರಚಿಸಿದ ಗಾಡಿಯನ್ನು ಸಣ್ಣ ಪ್ರಾಣಿಯೊಂದು ಎಳೆಯಬೇಕಾಗಿತ್ತು. ಕೊಡೆಯಂತೆ ಮಡಿಚಬಹುದಾದ ಹಗುರ ಗಾಡಿಯನ್ನು ೧೯೬೫ರಲ್ಲಿ ರೂಪಿಸಿದವನು ಓವೆನ್ ಮೆಕ್ಲಾರೆನ್; ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಗಳ ಚೌಕಟ್ಟಿಗಾಗಿ ದುಡಿದಿದ್ದ ಇಂಜಿನಿಯರು. ಅವನು ಬಳಸಿದ ಲೋಹ ಅಲ್ಯೂಮಿನಿಯಂ. ಗಾಡಿ ಹಗುರವಾದರೆ ಎತ್ತುವವರಿಗೆ ಸುಖ. ಆದರೆ ಅದು ಹಗುರವಾದಷ್ಟೂ ಹಿಡಿಗೆ ತೂಗುಹಾಕಿದ ಚೀಲದ ಪ್ರಭಾವ ಹೆಚ್ಚುತ್ತದೆ.

ಇದೇಕೆಂಬುದನ್ನು ಪರಿಶೀಲಿಸೋಣ. ಗಾಡಿಯು ಹಿಂದಕ್ಕೆ ಮಗುಚುವಾಗ ಹಿಂದಿನ ಗಾಲಿಗಳ ಅಚ್ಚಿನ ಸುತ್ತ ತಿರುಗುತ್ತದೆ. ಆದುದರಿಂದ ಆ ಅಚ್ಚೇ ಇಲ್ಲಿ ತಕ್ಕಡಿಯ ನಡುಬಿಂದು. ಅಚ್ಚಿನ ಮುಂದಿರುವ ಭಾರಗಳು ಗಾಡಿಯನ್ನು ನೆಲಕ್ಕೆ ಒತ್ತುತ್ತವೆ. ಹಿಂದಿರುವ ಭಾರಗಳು ಅದನ್ನು ಮಗುಚಲು ಯತ್ನಿಸುತ್ತವೆ. ಭಾರವನ್ನು ಅಚ್ಚಿನಿಂದ ಅದಕ್ಕಿರುವ ಅಡ್ಡದೂರದಿಂದ ಗುಣಿಸಿದರೆ ಅದರ ತಿರುಗಿಸುವ ಸಾಮರ್ಥ್ಯ, ಅಂದರೆ ಭ್ರಾಮಕ, ದೊರೆಯುತ್ತದೆ.

ಉದಾಹರಣೆಗೆ, ಗಾಡಿಯ ತೂಕ ೧೦ ಕಿಲೋಗ್ರಾಂ ಎಂದೂ ಅದರ ಗುರುತ್ವಕೇಂದ್ರವು ಅಚ್ಚಿಗಿಂತ ೨೫ ಸೆಂಟಿಮೀಟರ್ ಮುಂದಿದೆಯೆಂದೂ ಇಟ್ಟುಕೊಳ್ಳೋಣ: ೧೦ × ೨೫ = ೨೫೦. ೬ ಕಿಲೋಗ್ರಾಂ ತೂಗುವ ಶಿಶು ೧೦ ಸೆಂಟಿಮೀಟರ್ ಮುಂದಿದೆ: ೬೦. ೧೪ ಕಿಲೋಗ್ರಾಂ ತೂಗುವ ಹಿರಿಯ ಮಗು ೪೫ ಸೆಂಟಿಮೀಟರ್ ಮುಂದಿದೆ: ೬೩೦. ಒಟ್ಟು ೯೪೦. ಹಿಡಿಯು ಅಚ್ಚಿಗಿಂತ ೪೦ ಸೆಂಟಿಮೀಟರ್ ಹಿಂದಿದ್ದು, ಅದಕ್ಕೆ ೧೦ ಕಿಲೋಗ್ರಾಂ ಚೀಲವನ್ನು ತೂಗುಹಾಕಿದರೆ ೪೦೦. ಗಾಡಿ ಅಲುಗದು.

ಈಗ ಹಿರಿಯ ಮಗು ಇಳಿಯಲಿ. ೯೪೦ರಲ್ಲಿ ೬೩೦ ಕಳೆದು ಉಳಿಯುವುದು ೩೧೦ ಮಾತ್ರ. ಚೀಲದ ೪೦೦ ಗೆಲ್ಲುತ್ತದೆ. ಶಿಶುವಿನೊಡನೆ ಗಾಡಿ ಮಗುಚುತ್ತದೆ. ಅದೇ ಚೀಲವನ್ನು ಪೀಠದ ಕೆಳಗಿನ ಬುಟ್ಟಿಯಲ್ಲಿ, ಅಚ್ಚಿಗಿಂತ ೨೦ ಸೆಂಟಿಮೀಟರ್ ಮುಂದೆ ಇಟ್ಟಿದ್ದರೆ? ಶತ್ರುವಾಗಿದ್ದ ಭಾರವೇ ಮಿತ್ರನಾಗಿ ೩೧೦ಕ್ಕೆ ೨೦೦ನ್ನು ಕೂಡಿಸುತ್ತಿತ್ತು. ಆದುದರಿಂದ ಎರಡು ಮಕ್ಕಳಿರುವವರು ಮೊದಲು ನೋಡಬೇಕಾದದ್ದು ಕೆಳಗೆ ವಿಶಾಲವಾದ ಬುಟ್ಟಿಯಿದೆಯೇ, ಹಿಂದಿನ ಗಾಲಿಗಳು ಸಾಕಷ್ಟು ಹಿಂದಿವೆಯೇ ಎಂಬುದನ್ನು.

ಇನ್ನು ಗಾಲಿಗಳ ಗಾತ್ರ. ನಮ್ಮ ಊರುಗಳ ಕಾಲುದಾರಿಯಲ್ಲಿ ಚಪ್ಪಡಿಗಳ ಅಂಚು ಎದ್ದಿರುವುದು ಸಾಮಾನ್ಯವಷ್ಟೆ. ೨.೫ ಸೆಂಟಿಮೀಟರ್ ಎತ್ತರದ ಅಂಚನ್ನು ನೇರವಾಗಿ ತಳ್ಳಿಯೇ ಹತ್ತಿಸಲು, ೭.೫ ಸೆಂಟಿಮೀಟರ್ ತ್ರಿಜ್ಯದ ಗಾಲಿಗೆ ಅದರ ಮೇಲಿನ ಭಾರಕ್ಕಿಂತಲೂ ಹೆಚ್ಚು, ಸುಮಾರು ೧.೧ರಷ್ಟು ಬಲ ಬೇಕು. ತ್ರಿಜ್ಯ ೧೫ ಸೆಂಟಿಮೀಟರಾದರೆ ಭಾರದ ಮೂರನೆಯ ಎರಡು ಭಾಗ ಸಾಕು. ದೊಡ್ಡ ಗಾಲಿಯ ಗಾಡಿ ಮಡಿಚಿದಾಗ ಹೆಚ್ಚು ಸ್ಥಳ ಹಿಡಿಯುವುದು ನಿಜ. ಯಾವುದು ಮುಖ್ಯವೆಂಬುದನ್ನು ಮನೆಯೂ ರಸ್ತೆಯೂ ತೀರ್ಮಾನಿಸಬೇಕು. ಮಕ್ಕಳನ್ನು ಅಕ್ಕಪಕ್ಕ ಕೂರಿಸುವ ಅಗಲವಾದ ಗಾಡಿ ಪಕ್ಕಕ್ಕೆ ಸುಲಭವಾಗಿ ಉರುಳದು. ಆದರೆ ಬಾಗಿಲಿನ ಅಗಲವನ್ನು ಅಳೆದ ಮೇಲೆಯೇ ಅದನ್ನು ಕೊಳ್ಳುವುದು ಲೇಸು.

ತಡೆಯನ್ನು, ಅಂದರೆ ಬ್ರೇಕನ್ನು, ಅಲಕ್ಷಿಸಲಾಗದು. ಇಪ್ಪತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆ ಕಣ್ಣಿಗೆ ಸಮತಟ್ಟಾಗಿಯೇ ತೋರಬಹುದು. ಘರ್ಷಣೆಯನ್ನು ಗಣಿಸದಿದ್ದರೆ ಅಲ್ಲಿ ಕೈಬಿಟ್ಟ ಗಾಡಿಯು ನಾಲ್ಕೇ ಸೆಕೆಂಡುಗಳಲ್ಲಿ ಸುಮಾರು ೪ ಮೀಟರ್ ಉರುಳುತ್ತದೆ. ಗಾಡಿ ನಿಂತಾಗಲೆಲ್ಲ ಬ್ರೇಕ್ ಹಾಕುವುದು ಅಭ್ಯಾಸವಾಗಬೇಕು. ಕತ್ತು ನಿಲ್ಲದ ಶಿಶುವಿಗೆ ಪೂರ್ತಿ ಮಲಗಿಸಬಹುದಾದ ಪೀಠ ಬೇಕು. ಪ್ರತಿ ಮಗುವಿಗೂ ಭುಜ, ಸೊಂಟ, ತೊಡೆಸಂದುಗಳನ್ನು ಹಿಡಿಯುವ ಪಟ್ಟಿ ಬೇಕು.

ವಿದ್ಯಾರ್ಥಿಗಳು ಮನೆಯಲ್ಲಿ ಗಾಡಿಯಿದ್ದರೆ ಒಂದು ಪ್ರಯೋಗ ಮಾಡಬಹುದು. ಮಕ್ಕಳನ್ನು ಇಳಿಸಿ, ಹಿಂದಿನ ಪೀಠದಲ್ಲಿ ೬ ಕಿಲೋಗ್ರಾಂ ಅಕ್ಕಿಯ ಚೀಲವನ್ನಿಟ್ಟು ಪಟ್ಟಿಯಿಂದ ಕಟ್ಟಿ, ಹಿಡಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಮೆಲ್ಲನೆ ಕೆಳಕ್ಕೆ ಎಳೆಯಿರಿ. ಮುಂದಿನ ಗಾಲಿಗಳು ನೆಲ ಬಿಡುವಾಗಿನ ಅಂಕವನ್ನು ಓದಿಕೊಳ್ಳಿ. ನಮ್ಮ ಲೆಕ್ಕದ ಗಾಡಿಯಲ್ಲಿ ಅದು ೩೧೦ ÷ ೪೦, ಅಂದರೆ ೭.೭೫ ಕಿಲೋಗ್ರಾಂ. ನಿಮ್ಮ ಗಾಡಿಯಲ್ಲಿ ಎಷ್ಟೇ ಬರಲಿ, ಅದನ್ನು ಮನೆಯವರಿಗೆ ತಿಳಿಸಿ. ತರಕಾರಿಯ ಚೀಲ ಅಂದಿನಿಂದಲೇ ಹಿಡಿಯನ್ನು ಬಿಟ್ಟು ಬುಟ್ಟಿಗೆ ಇಳಿದೀತು.