ಖಿನ್ನತೆಗೆ ಮಾತ್ರೆ: ವಿಶ್ವಾಸದ ಕೊರತೆಯೇ?



ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ವೈದ್ಯರು ಮಾತ್ರೆ ಬರೆದುಕೊಟ್ಟರೆ ಮನೆಮಂದಿಗೆಲ್ಲ ಹೇಳಿಯೇ ನುಂಗುತ್ತೇವೆ. ಖಿನ್ನತೆಗೆ ಮಾತ್ರೆ ಕೊಟ್ಟರೆ ಮಾತ್ರ ಬೀರುವಿನ ಬಟ್ಟೆಗಳ ಅಡಿಯಲ್ಲಿ ಬಚ್ಚಿಡುತ್ತೇವೆ. ಅಕ್ಕಪಕ್ಕದವರು ಏನೆಂದಾರೋ ಎಂಬ ಭಯ ಒಂದು ಕಡೆ. "ನನ್ನ ವಿಶ್ವಾಸ ಗಟ್ಟಿಯಾಗಿದ್ದರೆ ಈ ಮಾತ್ರೆ ಏಕೆ ಬೇಕಿತ್ತು?" ಎಂಬ ಅಳುಕು ಇನ್ನೊಂದು ಕಡೆ. ಈ ಎರಡನೆಯದರಿಂದಲೇ ತೊಡಗೋಣ.

ಖಿನ್ನತೆ ಪಾಪವಲ್ಲ

ದುಃಖ ಎಲ್ಲರಿಗೂ ಉಂಟು. ಆದರೆ ಎರಡು ವಾರಕ್ಕೂ ಮಿಗಿಲಾಗಿ ಮನಸ್ಸು ಕುಗ್ಗಿ, ನಿದ್ದೆ ಹಸಿವು ಕೆಟ್ಟು, ಮಕ್ಕಳ ಮಾತೂ ಬೇಡವಾಗಿ, ದಿನದ ಕೆಲಸವೇ ಭಾರವಾದರೆ ಅದು ಕಾಯಿಲೆ ಇರಬಹುದು. ಇಲ್ಲದ ಅಪರಾಧಭಾವವೂ ಈ ಕಾಯಿಲೆಯ ಒಂದು ಲಕ್ಷಣ. ನಿವೇದಿಸಿ ಕ್ಷಮೆ ಪಡೆದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸುವವರುಂಟು. ಅಂಥವರಿಗೆ ಗುರುಗಳ ಜೊತೆಗೆ ವೈದ್ಯರೂ ಬೇಕಾಗಬಹುದು.

ಪ್ರವಾದಿ ಎಲೀಯನನ್ನು ನೆನೆಯಿರಿ (1 ಅರಸುಗಳು 19). ಜಾಲಿ ಗಿಡದ ಕೆಳಗೆ ಕುಳಿತು ಸಾವನ್ನೇ ಬೇಡಿಕೊಂಡ ಆತನನ್ನು ದೇವರು ಗದರಿಸಲಿಲ್ಲ. ನಿದ್ದೆ ಮಾಡಗೊಟ್ಟರು, ದೂತನ ಕೈಯಲ್ಲಿ ರೊಟ್ಟಿ ನೀರು ಕಳುಹಿಸಿದರು, ಅದೂ ಎರಡು ಬಾರಿ. ಹೋರೆಬ್ ಬೆಟ್ಟದ ದರ್ಶನ ದೊರೆತದ್ದು ಆಮೇಲೆ. ಮೊದಲು ದೇಹದ ಆರೈಕೆ!

ಸಿರಾಖನ ಗ್ರಂಥದ 38ನೇ ಅಧ್ಯಾಯವೂ ಇದನ್ನೇ ಕಲಿಸುತ್ತದೆ. ಔಷಧಿಗಳನ್ನು ಮಣ್ಣಿನಿಂದ ಹುಟ್ಟಿಸಿದವರು ದೇವರೇ. ರೋಗಿಯು ಪ್ರಾರ್ಥಿಸಬೇಕು, ವೈದ್ಯನಿಗೂ ಎಡೆಗೊಡಬೇಕು. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಕಣ್ಣೀರು, ಗೆಳೆಯರ ಸಾಂತ್ವನ, ಸತ್ಯದ ಧ್ಯಾನ ಇವುಗಳ ಸಾಲಿನಲ್ಲೇ ನಿದ್ದೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ. ವರಪ್ರಸಾದವು ಮನುಷ್ಯ ಸ್ವಭಾವವನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂಬುದು ಅವರ ಬೋಧನೆ. ಮೆದುಳೂ ಆ ಸ್ವಭಾವದ ಒಂದು ಅಂಗವಲ್ಲವೇ?

ಮೊದಲ ವಾರಗಳು

ಮೊದಲ ಸಲ ಮಾತ್ರೆ ಆರಂಭಿಸುವವರು ಈ ಕೆಲವು ವಿಷಯ ತಿಳಿದಿರಬೇಕು. ಸರ್ಟ್ರಾಲಿನ್, ಎಸಿಟಾಲೊಪ್ರಾಮ್, ಫ್ಲೂಯೊಕ್ಸೆಟಿನ್ ಮುಂತಾದ ಔಷಧಿಗಳು ತಲೆನೋವಿನ ಮಾತ್ರೆಯಂತೆ ತಕ್ಷಣ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಆರು ವಾರವೂ ಬೇಕು. ಓಕರಿಕೆ, ತಲೆನೋವು, ನಿದ್ದೆಯ ಏರುಪೇರು ಮಾತ್ರ ಮೊದಲ ದಿನಗಳಲ್ಲೇ ಬರಬಹುದು. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಇವು ತಗ್ಗುತ್ತವೆ. ತೊಂದರೆ ಮೊದಲು, ಫಲ ಆಮೇಲೆ! ಇದನ್ನು ಅರಿಯದೆ ಎಷ್ಟೋ ಮಂದಿ ಎರಡನೇ ವಾರದಲ್ಲೇ ಮಾತ್ರೆ ಬಿಟ್ಟುಬಿಡುತ್ತಾರೆ.

ಗುಣವಾಯಿತೆಂದು ತಟ್ಟನೆ ನಿಲ್ಲಿಸಲೂಬಾರದು. ಚೇತರಿಕೆಯ ನಂತರವೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಚಡಪಡಿಕೆ ಆಗಬಹುದು. ಇದು ಕುಡಿತದಂಥ ಚಟವಲ್ಲ. ಬೇರೆ ಮಾತ್ರೆಗಳನ್ನು ಸೇವಿಸುತ್ತಿದ್ದರೆ, ಗರ್ಭಿಣಿಯಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಮದ್ಯಪಾನ ಬೇಡ.

ಮನೆಯವರೇ, ಗಮನಿಸಿ

ಆರಂಭದ ವಾರಗಳಲ್ಲಿ, ಅದರಲ್ಲೂ 25 ವರ್ಷದೊಳಗಿನವರಲ್ಲಿ, ಸಾಯುವ ಯೋಚನೆ ಹೆಚ್ಚಾಗುವ ಸಂಭವವುಂಟು. ಅತಿಯಾದ ಚಡಪಡಿಕೆ, ಮಿತಿಮೀರಿದ ಉತ್ಸಾಹ, ಸಾವಿನ ಮಾತು ಕಂಡರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

"ಜಪಸರ ಮಾಡು, ಎಲ್ಲ ಸರಿಹೋಗುತ್ತದೆ" ಎಂದು ಹೇಳಿ ಎದ್ದುಹೋಗಬೇಡಿ. ಪಕ್ಕದಲ್ಲಿ ಕುಳಿತು ಅವರಿಗಾಗಿ ನೀವೇ ಜಪಿಸಿ. ಪ್ರಾರ್ಥಿಸಲು ಬಾಯಿಬಾರದವರ ಪರವಾಗಿ ಪ್ರಾರ್ಥಿಸುವುದು ಕುಟುಂಬದ ಕರ್ತವ್ಯ. ಬಲಿಪೂಜೆಗೆ ಬರಲಾಗದಿದ್ದರೆ ಪರಮಪ್ರಸಾದವನ್ನು ಮನೆಗೇ ತರುವಂತೆ ಗುರುಗಳನ್ನು ಕೇಳಿ. ಸಂಸ್ಕಾರಗಳೂ ಬೇಕು, ಮಾತ್ರೆಯೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ. ಧ್ಯಾನಕೂಟದಲ್ಲಿ ಮನಸ್ಸು ಹಗುರವಾಯಿತೆಂದು ಮಾತ್ರೆ ಎಸೆಯಬೇಡಿ.

ಎಲೀಯನಿಗೆ ರೊಟ್ಟಿ ತಂದ ದೂತನಂತೆ, ಹೊತ್ತಿಗೆ ಸರಿಯಾಗಿ ಒಂದು ಲೋಟ ನೀರನ್ನೂ ಮಾತ್ರೆಯನ್ನೂ ಪ್ರೀತಿಯಿಂದ ಮುಂದಿಡುವ ಕೈ ನಿಮ್ಮದಾಗಲಿ.

ಕುಟುಂಬದಲ್ಲಿ ಚಿಂತನೆಗೆ

1. ಮನಸ್ಸಿನ ಕಾಯಿಲೆಯನ್ನು ನಮ್ಮ ಮನೆಯಲ್ಲಿ ಯಾವ ಮಾತುಗಳಿಂದ ಕರೆಯುತ್ತೇವೆ?

2. ನಮ್ಮ ನೆರೆಹೊರೆಯಲ್ಲಿ ಮೌನವಾಗಿ ಬಳಲುತ್ತಿರುವವರು ಯಾರು? ಈ ವಾರ ಅವರನ್ನು ಕಾಣಲು ಯಾರು ಹೋಗುತ್ತೀರಿ?